ತೋಟದ ಗೋದಾಮಿನಲ್ಲಿದ್ದ ಮಾಂಗೂಸ್

ಆಲ್ದೂರಿನ ಕಡೆ ಇರುವ ನಮ್ಮ ಸೋದರಮಾವನ ಕಾಫಿ ತೋಟದಲ್ಲಿ, ಗೊಬ್ಬರದ ಚೀಲಗಳನ್ನು ಪೇರಿಸಿಡುವ ಗೋದಾಮಿನ ಅಟ್ಟದ ಮೇಲೆ ಬಹುಕಾಲದಿಂದ ಬಿದ್ದಿದ್ದ ಪುಟ್ಟ ಸೈಕಲ್ಲೊಂದನ್ನು ಮತ್ತೆ ಓಡಿಸಬೇಕೆಂಬ ಹಟ ಹುಟ್ಟಿದ್ದು ಮಾವನ ಮೊಮ್ಮಗನಿಗೆ; ಹೊಣೆ ಬಿದ್ದದ್ದು ಚಿಕ್ಕಮಗಳೂರು ಪೇಟೆಯಲ್ಲಿರುವ ನನ್ನ ಹೆಗಲಿಗೆ. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಿಂದ ಊರಿಗೆ ಮರಳಿದ ಅತ್ತೆಯ ಅಣ್ಣ ಮನೆಸಾಮಾನಿನ ಜತೆ ಹಡಗಿನಲ್ಲಿ ತರಿಸಿದ್ದ ಸೈಕಲ್ ಅದು. ಮಾವನ ಮಗ ಅದನ್ನು ತೋಟದ ಇಳಿಜಾರುಗಳಲ್ಲಿ ಓಡಿಸಿಕೊಂಡೇ ಬೆಳೆದ. ಅವನು ಓದಲೆಂದು ಬೆಂಗಳೂರಿಗೆ ಹೋದ ಮೇಲೆ ಯಾರೋ ಪುಣ್ಯಾತ್ಮರು, ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಚಕ್ರ, ಹ್ಯಾಂಡಲ್ ಎನ್ನದೆ ಇಡೀ ಸೈಕಲ್ಲಿಗೆ ಬಳಿದುಬಿಟ್ಟಿದ್ದರು. ಮಲೆನಾಡಿನ ಮಳೆಯಲ್ಲಿ ಕಬ್ಬಿಣ ಏನಾಗುತ್ತದೆಂದು ಬಲ್ಲವರಿಗೆ, ಆ ಗೇಟಿನ ಬಣ್ಣವೇ ಅದನ್ನು ಉಳಿಸಿತೆಂದರೆ ಆಶ್ಚರ್ಯವಾಗಲಾರದು.

ಬಣ್ಣ ತೆಗೆಯುವ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದಾಗ ಹಸಿರು ಸಿಪ್ಪೆಯ ಅಡಿಯಿಂದ ಬೆಳ್ಳಿಬಣ್ಣದ ನಿಕಲ್ ಲೇಪ ಹೊರಬಂತು. ಉಪ್ಪುಕಾಗದದಿಂದ ಉಜ್ಜಿದರೆ ಕೆಲಸ ಬೇಗ ಮುಗಿಯುತ್ತದೆಂದು ಮಾವ ಒತ್ತಾಯಿಸಿದರೂ, ಅದರಿಂದ ಲೇಪವೇ ಕಿತ್ತುಬರುವುದೆಂದು ನಾನು ಒಪ್ಪಲಿಲ್ಲ. ಹ್ಯಾಂಡಲ್ಲಿನ ಕೆಳಗೆ ಮೇಲಿನ ಮತ್ತು ಕೆಳಗಿನ ಕೊಳವೆಗಳು ಕೂಡುವ ಮೂಲೆಗೆ ಬೆಸೆದಿದ್ದ ಬಲಪಟ್ಟಿಯೂ, ಚಕ್ರದ ಮೇಲೆ ಉಬ್ಬಿ ನಿಂತಿದ್ದ ಮೋಟೋಮ್ಯಾಗ್ ಎಂಬ ಇಂಗ್ಲಿಷ್ ಅಕ್ಷರಗಳೂ ಕಾಣಿಸಿದಾಗ ಇದು ಮಾಂಗೂಸ್ ಕಂಪನಿಯ ಹಳೆಯ ಬಿಎಂಎಕ್ಸ್ ಸೈಕಲ್ (ಮಣ್ಣಿನ ದಿಬ್ಬಗಳ ರೇಸಿಗೆಂದು ಮಾಡಿದ ಪುಟ್ಟ ಸೈಕಲ್) ಎನ್ನುವುದು ಖಚಿತವಾಯಿತು.

ಈ ಕಂಪನಿಯ ಹುಟ್ಟಿನ ಕಥೆ ಶುರುವಾಗುವುದು ಮುರಿದ ಚಕ್ರಗಳಿಂದ. ಶಿಕಾಗೋದ ಶ್ವಿನ್ ಕಂಪನಿ 1963ರಲ್ಲಿ ಸ್ಟಿಂಗ್-ರೇ ಎಂಬ, 20 ಇಂಚಿನ ಚಕ್ರದ, ಎತ್ತರದ ಹ್ಯಾಂಡಲ್ಲಿನ ಮಕ್ಕಳ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅದರ ಮೇಲೆ ಕುಳಿತು, ಮೋಟೋಕ್ರಾಸ್ ಎಂಬ, ಮಣ್ಣಿನ ಹಾದಿಯ ಮೋಟಾರ್ ಸೈಕಲ್ ರೇಸಿನ ಸವಾರರನ್ನು ಅನುಕರಿಸುತ್ತ ಮಣ್ಣಿನ ದಿಬ್ಬಗಳಿಂದ ಹಾರತೊಡಗಿದರು. 1970ರಲ್ಲಿ ಲಾಂಗ್ ಬೀಚ್‌ನಲ್ಲಿ ಸ್ಕಾಟ್ ಬ್ರೈಥಾಪ್ಟ್ ಎಂಬ ಹದಿಹರೆಯದ ಹುಡುಗ ಇಂಥ ಸೈಕಲ್ಲುಗಳಿಗೆ ರೇಸನ್ನೇ ಏರ್ಪಡಿಸಿದ. ಆದರೆ ಅಂಗಡಿಯ ಸೈಕಲ್ಲುಗಳ ಚಕ್ರ ರಸ್ತೆಗೆಂದು ಮಾಡಿದ್ದು. ಹಾರಿ ಬಿದ್ದ ಭಾರಕ್ಕೆ ಸ್ಪೋಕ್ ಕಡ್ಡಿಗಳು ಸಡಿಲವಾಗಿ, ರಿಮ್ ಸೊಟ್ಟಗಾಗಿ, ಹುಡುಗರು ಸೈಕಲ್ ತಳ್ಳಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಸ್ಕಿಪ್ ಹೆಸ್ ಎಂಬವರು 1974ರಲ್ಲಿ ಲಾಸ್ ಏಂಜಲಿಸ್ ಸಮೀಪದ ಸಿಮಿ ವ್ಯಾಲಿಯ ಒಂದು ಗ್ಯಾರೇಜಿನಲ್ಲಿ ಬಿಎಂಎಕ್ಸ್ ಪ್ರಾಡಕ್ಟ್ಸ್ ಎಂಬ ಕಂಪನಿ ಶುರುಮಾಡಿ ಮೊದಲು ಮಾರಿದ್ದು ಸೈಕಲ್ಲನ್ನಲ್ಲ, ಬರೀ ಚಕ್ರವನ್ನು. ಕಡ್ಡಿಗಳ ತಂಟೆಯೇ ಬೇಡವೆಂದು, ಹಗುರ ಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ದು, ರಿಮ್ಮನ್ನೂ ದಪ್ಪ ಕಾಲುಗಳನ್ನೂ ಒಂದೇ ತುಂಡಾಗಿ ತೆಗೆದ ಆ ಚಕ್ರದ ಹೆಸರೇ ಮೋಟೋಮ್ಯಾಗ್. ಅದಕ್ಕೆ ತಕ್ಕ ಚೌಕಟ್ಟು, ಮಾಂಗೂಸ್ ಎಂಬ ಹೆಸರಿನ ಸೈಕಲ್, ಇವೆಲ್ಲ ಆಮೇಲೆ ಬಂದವು. ಕಂಪನಿಯ ಒಡೆತನ ಹಲವು ಕೈ ಬದಲಾಯಿಸಿ ಈಗ ನೆದರ್‌ಲ್ಯಾಂಡ್ಸ್‌ನ ಪೊನ್ ಸಂಸ್ಥೆಯ ಬಳಿ ಇದೆ. ಮಣ್ಣಿನ ದಿಬ್ಬದ ಈ ಹುಡುಗಾಟ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯೂ ಆಯಿತು.

ಸೈಕಲ್ಲನ್ನು ಜೀಪಿನ ಹಿಂದೆ ಹಾಕಿಕೊಂಡು ಮಾರ್ಕೆಟ್ ರಸ್ತೆಯ ಕಡೆ ಇರುವ ಹಳೆಯ ಸೈಕಲ್ ಶಾಪಿಗೆ ಒಯ್ದೆವು. ಅಂಗಡಿಯ ಸಾಹೇಬರು ಪೆಡಲ್ ತಿರುಗಿಸಿ ನೋಡಿ, ಸುತ್ತಿಗೆಯನ್ನು ಕೈಗೆತ್ತಿಕೊಂಡವರು ಹಾಗೆಯೇ ಕೆಳಗಿಟ್ಟು, “ಕಾಟರ್ ಪಿನ್ನೇ ಇಲ್ವಲ್ಲ ಸಾರ್ ಇದಕ್ಕೆ” ಎಂದರು. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ನಡುವೆ ಒಂದು ಅಚ್ಚು, ಎರಡು ಬದಿಗೆ ಪೆಡಲ್ ಕೂರುವ ಎರಡು ಕ್ರ್ಯಾಂಕ್ ತೋಳು, ಅವನ್ನು ಹಿಡಿದಿಡಲು ಎರಡು ಕಾಟರ್ ಪಿನ್ ಇರುತ್ತವೆ. ಇದರಲ್ಲಿ ಎಡಗಾಲಿನ ಕ್ರ್ಯಾಂಕ್, ಅಚ್ಚು, ಬಲಗಾಲಿನ ಕ್ರ್ಯಾಂಕ್ ಎಲ್ಲವೂ ಬಗ್ಗಿಸಿದ ಒಂದೇ ಉಕ್ಕಿನ ಸರಳು. ಹಾರಿ ಬೀಳುವ ಸೈಕಲ್ಲಿನಲ್ಲಿ ಸಡಿಲವಾಗಲು ಪಿನ್ನೇ ಇರಬಾರದೆನ್ನುವ ಲೆಕ್ಕ ಇದ್ದೀತು. ಎಡಬದಿಯ ದೊಡ್ಡ ನಟ್ಟು ಜಗ್ಗಲಿಲ್ಲ. ಸಾಹೇಬರು ಅದರ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ಉಲ್ಟಾ ಮರೆ, ಎಂದರೆ ತಿರುಪಿನ ಸುತ್ತು ತಿರುಗುಮುರುಗು ಎಂದು ಹೇಳಿ, ಸೀಮೆಎಣ್ಣೆ ಬಿಟ್ಟು, ಬಿಗಿ ಮಾಡುವವರ ಹಾಗೆ ಬಲಕ್ಕೆ ಒತ್ತಿದರು. ಬಿಚ್ಚಿಕೊಂಡಿತು! ಎಡ ಪೆಡಲನ್ನೂ ತೆಗೆದು ಸರಳನ್ನು ಓರೆಯಾಗಿಸುತ್ತ ಬಲಬದಿಯಿಂದ ಹೊರಗೆಳೆದಾಗ ಬೇರಿಂಗ್ ಗುಂಡುಗಳ ಸುತ್ತ ಗ್ರೀಸು ಡಾಂಬರಿನಂತೆ ಗಟ್ಟಿಯಾಗಿತ್ತು. ಗುಂಡುಗಳು ಮಾತ್ರ ಸವೆದಿರಲಿಲ್ಲ.

ಬಿಡಿಭಾಗ ಸಿಗದೆಂದು ನಾನು ಹೆದರಿದ್ದೆ. ಆದರೆ ಇದರ ಚೈನು ನಮ್ಮ ಹಾಲಿನವರ ಸೈಕಲ್ಲಿನ ಅರ್ಧ ಇಂಚಿನ ಚೈನೇ. ಹೊಸದು ತಂದು ಉದ್ದ ಕಡಿಮೆ ಮಾಡಿದರೆ ಸಾಕಾಯಿತು. 20 ಇಂಚಿನ ಟೈರುಗಳು ಮಕ್ಕಳ ಸೈಕಲ್ಲಿನವು. ದೊಡ್ಡ ಸೈಕಲ್ಲಿನ ಪೆಡಲ್ ಮಾತ್ರ ಈ ಕ್ರ್ಯಾಂಕಿನ ತೂತಿಗೆ ದಪ್ಪವಾಗಿ, ಒಂಟಿ ತುಂಡಿನ ಕ್ರ್ಯಾಂಕ್ ಇರುವ ಮಕ್ಕಳ ಸೈಕಲ್ಲಿನ ಪೆಡಲನ್ನೇ ಹುಡುಕಬೇಕಾಯಿತು.

ನಿಜವಾದ ತೊಡಕು ಚಕ್ರದ್ದು. ಮುಂದಿನದು ಗಟ್ಟಿಯಾಗಿತ್ತು. ಹಿಂದಿನದರಲ್ಲಿ, ದಪ್ಪ ಕಾಲೊಂದು ಚಕ್ರದ ನಡುವಿನ ಹಬ್ಬಿಗೆ ಸೇರುವಲ್ಲಿ ಕೂದಲೆಳೆಯಂಥ ಗೀರು ಕಂಡು ನನಗೆ ಅನುಮಾನ ಬಂತು. ಪಕ್ಕದ ಲೇತ್ ಅಂಗಡಿಯವರು ಅಲ್ಲಿಗೆ ಸೀಮೆಎಣ್ಣೆ ಹಚ್ಚಿ, ಕೊಂಚ ಹೊತ್ತು ಕಾದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದಕಡ್ಡಿಯ ಪುಡಿ ಉದುರಿಸಿದರು. ಬರೀ ಗೀರಾಗಿದ್ದರೆ ಪುಡಿ ಒಣಗಿಯೇ ಇರುತ್ತಿತ್ತು. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಒದ್ದೆ ಗೆರೆ ಎಳೆಯಿತು; ನಮ್ಮ ಕಣ್ಣಿಗೆ ಕಂಡಿದ್ದಕ್ಕಿಂತ ಎಷ್ಟೋ ಉದ್ದದ ಗೆರೆ. “ಆರ್ಗಾನ್ ವೆಲ್ಡಿಂಗ್ ಹಾಕಿ ಮುಚ್ಚಬಹುದು. ಆದ್ರೆ ಹುಡುಗ್ರು ಹತ್ತೋ ಗಾಡಿ, ಗ್ಯಾರಂಟಿ ನಾನು ಕೊಡಲ್ಲ” ಎಂದರು. ಅಷ್ಟು ನೇರವಾಗಿ ಹೇಳಿದ ಮೇಲೆ ಯೋಚಿಸುವುದೇನೂ ಇರಲಿಲ್ಲ. ಅಚ್ಚಿಗೆ ಹೊಯ್ದ ಲೋಹ ಬಗ್ಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ; ಅದರಲ್ಲೂ ಸವಾರನ ಭಾರದ ಹೆಚ್ಚು ಪಾಲು ಹಿಂದಿನ ಚಕ್ರದ್ದು.

ಹೀಗಾಗಿ, ಸ್ಪೋಕ್ ಕಡ್ಡಿ ಮುರಿಯುತ್ತದೆಂದು ಹುಟ್ಟಿದ ಕಂಪನಿಯ ಸೈಕಲ್ಲಿಗೆ ನಾವು ಸ್ಪೋಕ್ ಕಡ್ಡಿಗಳನ್ನೇ ಕಟ್ಟಿಸಿದೆವು. ಸಾಹೇಬರು 36 ತೂತಿನ ಹಬ್ಬು ಮತ್ತು ರಿಮ್ ಇಟ್ಟುಕೊಂಡು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಅವುಗಳ ತುದಿಯ ನಿಪ್ಪಲ್ ನಟ್ಟುಗಳನ್ನು ಬಿಗಿದು, ಚಕ್ರವನ್ನು ತಿರುಗಿಸಿ ಬಿಟ್ಟು, ರಿಮ್ ಎಲ್ಲಿ ಓಲಾಡುವುದೋ ಅಲ್ಲಿ ಸೀಮೆಸುಣ್ಣ ತಾಗಿಸಿ ಗುರುತು ಮಾಡುತ್ತ, ಗುರುತು ಬಿದ್ದ ಕಡೆ ಎದುರುಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡುತ್ತ ಬೆಂಡು ತೆಗೆದರು. ಹಳೆಯ ಸಾಮಾನಿನ ಹವ್ಯಾಸವಿರುವ ನನ್ನ ಗೆಳೆಯನೊಬ್ಬ, ಜೋಡಿ ಚಕ್ರ ತಪ್ಪಿಸಿದರೆ ಬೆಲೆಯೇ ಹೋಯಿತೆಂದು ಪೇಚಾಡಿದ. ಗಾಜಿನ ಕಪಾಟಿನಲ್ಲಿಡುವ ಸೈಕಲ್ಲಿಗೆ ಅವನ ಮಾತು ಸರಿ. ಓಡಬೇಕಾದ ಸೈಕಲ್ಲಿಗೆ ಆ ಲೆಕ್ಕ ಹಿಡಿಯುವುದು ನನ್ನ ಮಟ್ಟಿಗೆ ಅವಿವೇಕ. ಬಿರುಕಿನ ಚಕ್ರವನ್ನು ಎಸೆಯಲಿಲ್ಲವೆಂದಷ್ಟೇ ಅವನಿಗೆ ಸಮಾಧಾನ ಹೇಳಿದೆ.

ಮಳೆಗಾಲ ಮುಗಿದು, ಹಣ್ಣಿನ ಕೊಯ್ಲು ಇನ್ನೂ ಶುರುವಾಗದೆ, ಕಾಫಿ ಒಣಗಿಸುವ ಕಣ ಖಾಲಿಯಿದ್ದ ಸಮಯ. ಹುಡುಗ ಮುಂದಿನ ಚಕ್ರ ಎತ್ತಲು ಹೋದಾಗ ಮಾವ ಜಗಲಿಯಿಂದಲೇ, “ಮೊದ್ಲು ಬ್ರೇಕ್ ಹಿಡೀತದಾ ನೋಡೋ” ಎಂದು ಗದರಿದರು. ಬ್ರೇಕ್ ಹಿಡಿಯಿತು. ಹೊಸ ಕಡ್ಡಿಗಳು ಓಡಿದ ಮೇಲೆ ಕೂತುಕೊಳ್ಳುತ್ತವೆ, ಆಗ ಮತ್ತೊಮ್ಮೆ ತನ್ನಿ ಎಂದು ಸಾಹೇಬರು ಹೇಳಿಕಳಿಸಿದ್ದರು. ಕೆಲವು ದಿನ ಬಿಟ್ಟು ಒಯ್ದಾಗ ಅವರು ಕಡ್ಡಿಗಳನ್ನು ಎರಡೆರಡಾಗಿ ಚಿವುಟಿ ನೋಡಿ, ಸಡಿಲವಾಗಿದ್ದವನ್ನು ಬಿಗಿದು, ದುಡ್ಡು ಬೇಡವೆಂದರು.