ಕೆಮ್ಮಿನ ಲೆಕ್ಕ

ಮಾರಾಟಕ್ಕೆ ಬಂದ ಬ್ಯಾಚನ್ನು ತೂಗುವ ದಿನವೆಂದರೆ ಶೆಡ್ಡಿನಲ್ಲಿ ಒಂಥರಾ ಗೆಲುವು ಇರಬೇಕು. ಆವತ್ತು ಒಂದೊಂದೇ ಹಂದಿ ತಕ್ಕಡಿ ಹತ್ತಿ ಇಳಿದ ಹಾಗೆಲ್ಲ ನಮ್ಮ ಮಾತು ಕಡಿಮೆಯಾಗುತ್ತಾ ಬಂತು. ಒಂದೇ ವಾರ ಹುಟ್ಟಿದವು, ತಿಂದದ್ದೂ ಒಂದೇ ಫೀಡು. ಒಂದು ನೂರು ಕಿಲೋ ದಾಟಿದರೆ ಪಕ್ಕದ್ದು ಎಂಬತ್ತರ ಆಸುಪಾಸಿನಲ್ಲೇ ನಿಂತಿತ್ತು. ಕೊಳ್ಳಲು ಬಂದವರು ದೊಡ್ಡವನ್ನು ಆರಿಸಿಕೊಂಡು, ಉಳಿದವನ್ನು ತಿರುಗಿಯೂ ನೋಡಲಿಲ್ಲ.

ಆ ಬ್ಯಾಚಿನಲ್ಲಿ ಸತ್ತವು ತೀರಾ ಕಡಿಮೆ. ಕೆಮ್ಮು ಮಾತ್ರ ತಿಂಗಳುಗಟ್ಟಲೆ ಇತ್ತು. ಒಣ ಕೆಮ್ಮು, ಎಬ್ಬಿಸಿ ಓಡಿಸಿದಾಗ ಹೆಚ್ಚು. ನಮ್ಮ ಪಶುವೈದ್ಯರು ಕಸಾಯಿಖಾನೆಗೇ ಕರೆದೊಯ್ದು ಪುಪ್ಪುಸಗಳನ್ನು ತೋರಿಸಿದರು. ತಿಳಿಗುಲಾಬಿ ಬಣ್ಣದಲ್ಲಿ ಮೆತ್ತಗಿರಬೇಕಾದದ್ದು ಮುಂದಿನ ಕೆಳಭಾಗದಲ್ಲಿ ನೇರಳೆ ತಿರುಗಿ ಗಟ್ಟಿಯಾಗಿತ್ತು. ಕೆಲವು ಪಕ್ಕೆಲುಬಿಗೇ ಅಂಟಿಕೊಂಡಿದ್ದವು. ಅದನ್ನು ಬಿಡಿಸಿ ಕತ್ತರಿಸಿ ಎಸೆದಷ್ಟೂ ತೂಕ ಕಡಿತ. ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ: ಚೆನ್ನಾಗಿ ಬೆಳೆದಿದೆ ಎಂದು ನಾವು ಬೀಗಿದ್ದ ಹಂದಿಗಳಲ್ಲೂ ಆ ಕಲೆಗಳಿದ್ದವು.

“ಬರಿಗಣ್ಣಲ್ಲಿ ನೋಡಿ ಇಂಥದ್ದೇ ಅಂತ ಹೇಳೋಕಾಗಲ್ಲ, ಲ್ಯಾಬಿಗೆ ಕಳಿಸೋಣ” ಎಂದರು ಡಾಕ್ಟರು. ವರದಿಯಲ್ಲಿ ಬಂದದ್ದು ಮೈಕೊಪ್ಲಾಸ್ಮಾ ಹಯೋನ್ಯುಮೋನಿಯೆ, ಅದರ ಬೆನ್ನಿಗೆ ಪಾಶ್ಚುರೆಲ್ಲಾ; ಎರಡೂ ಬ್ಯಾಕ್ಟೀರಿಯಾಗಳು. ಮೊದಲನೆಯದು ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಹಾಳುಗೆಡವುತ್ತದೆ. ಕಸ ಹೊರದೂಡುವ ಆ ರೋಮಗಳೇ ಹೋದ ಮೇಲೆ ಎರಡನೆಯದಕ್ಕೆ ದಾರಿ ಸಲೀಸು. ಪಿಆರ್‌ಆರ್‌ಎಸ್ ವೈರಸ್ (ಹಂದಿಗಳಲ್ಲಿ ಗರ್ಭಪಾತ, ಉಸಿರಾಟದ ಕಾಯಿಲೆ ತರುವಂಥದ್ದು) ಇಲ್ಲವೆಂದು ಬಂದದ್ದೇ ಪುಣ್ಯ. ಅಮೆರಿಕದ ಹಂದಿ ಸಾಕಣೆಗೆ ಅದೊಂದರಿಂದಲೇ ವರ್ಷಕ್ಕೆ 66.4 ಕೋಟಿ ಡಾಲರ್ ನಷ್ಟವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು.

ರಾತ್ರಿ ತಮ್ಮನೂ ನಾನೂ ಲೆಕ್ಕದ ಪುಸ್ತಕ ತೆರೆದೆವು. ಅವನು ಮೊದಲು ಹುಡುಕಿದ್ದು ಔಷಧದ ಖರ್ಚನ್ನು. ಎಲ್ಲರೂ ಅದನ್ನೇ ಹುಡುಕುತ್ತಾರೆ, ಬಿಲ್ಲು ಕೈಯಲ್ಲಿರುತ್ತದಲ್ಲ! ಆದರೆ ಸಾಕಣೆಯ ಖರ್ಚಿನಲ್ಲಿ ಸುಮಾರು 60–70 ಶೇಕಡಾ ಫೀಡಿನದೇ. ಕೊನೆಯ ಹಂತದ ಹಂದಿ ದಿನಕ್ಕೆ ಮೂರು ಕಿಲೋದಷ್ಟು ತಿನ್ನುತ್ತದೆ. ಹದಿನೈದು ದಿನ ಹೆಚ್ಚು ನಿಂತರೆ ತಲೆಗೆ 45 ಕಿಲೋ. ಮೈ ಕಾಯ್ದುಕೊಳ್ಳಲು, ಸೋಂಕಿನ ಜೊತೆ ಹೆಣಗಲು ಹೋಗಿ ಮಿಕ್ಕಿದ್ದಷ್ಟೇ ಮಾಂಸವಾಗಬೇಕು. ಚುಚ್ಚುಮದ್ದು ಕೊಟ್ಟಿದ್ದವನ್ನಂತೂ ಔಷಧದ ಅಂಶ ಮೈಯಿಂದ ಹೋಗುವ ಅವಧಿ ಮುಗಿಯದೆ ಮಾರುವಂತೆಯೇ ಇರಲಿಲ್ಲ.

ಹಿಂದುಳಿದವು ಜಾಗ ಬಿಡದಿದ್ದರೆ ಹೊಸ ಮರಿಗಳು ಅವುಗಳ ಪಕ್ಕದಲ್ಲೇ ಬೆಳೆಯಬೇಕು. ಕೆಮ್ಮು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆ. ಔಷಧದ ಅವಧಿ ಮುಗಿದ ಕೂಡಲೇ ಸಣ್ಣವನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡೋಣ ಎಂದೆ.

“ಶೆಡ್ಡು ಖಾಲಿ ಬಿದ್ದಿದ್ರೆ ಸಾಲದ ಕಂತು ನಿಲ್ಲುತ್ತಾ ಅಣ್ಣಾ?” ಎಂದ ತಮ್ಮ. ತಪ್ಪು ಮಾತೇನಲ್ಲ.

ಕೊನೆಗೆ ಒಂದು ಶೆಡ್ಡನ್ನು ಮಾತ್ರ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ಲಸಿಕೆ ಹಾಕಿದ ಮರಿಗಳನ್ನು ಬಿಡುವುದೆಂದು ಒಪ್ಪಿಕೊಂಡೆವು. ಎರಡೂ ಶೆಡ್ಡುಗಳ ಫೀಡನ್ನು ಬೇರೆ ಬೇರೆ ಪುಟದಲ್ಲಿ ಬರೆಯುವ ಕೆಲಸ ತಮ್ಮನೇ ವಹಿಸಿಕೊಂಡ.