ತೊಟ್ಟಿಲ ಕೊಂಡಿಗೆ ಕಟ್ಟಿದ ಗುಂಡು: ಜ್ಯಾಮ್ ಪರೀಕ್ಷೆ ತಯಾರಿಯ ಮೂರು ತಿಂಗಳು

ಜುಲೈ, ಮೊದಲ ವಾರ

ಬಿಎಸ್ಸಿ ಕೊನೆ ವರ್ಷ ಶುರುವಾಯಿತು. ಊರು ಚಿತ್ರದುರ್ಗ, ವಿಷಯ ಭೌತಶಾಸ್ತ್ರ. ಬಿಎಡ್ ಮಾಡು, ಬ್ಯಾಂಕ್ ಪರೀಕ್ಷೆ ಬರಿ ಅನ್ನುವವರಿಗೆಲ್ಲ ತಲೆ ಆಡಿಸಿ ಸುಮ್ನಾಗುತ್ತೇನೆ. ನನ್ನ ಲೆಕ್ಕ ಬೇರೆ. ಡಿಸೆಂಬರ್‌ನಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಪರೀಕ್ಷೆ, ಫೆಬ್ರವರಿಯಲ್ಲಿ ಐಐಟಿಗಳು ನಡೆಸುವ ಎಂಎಸ್ಸಿ ಪ್ರವೇಶ ಪರೀಕ್ಷೆ ಜ್ಯಾಮ್. ಜ್ಯಾಮ್ ಚೆನ್ನಾಗಿ ಆದರೆ ಐಐಟಿಯಲ್ಲಿ ಎಂಎಸ್ಸಿ. ಇಲ್ಲಾ ಬೆಂಗಳೂರಿನ ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ (ಎಂಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ), ಸಂದರ್ಶನದ ಬಾಗಿಲವರೆಗಾದರೂ ಹೋಗಬೇಕು. ಎರಡೂ ಆಗದಿದ್ದರೆ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ ಇದ್ದೇ ಇದೆ. ಮನೆಯಿಂದಲೇ ಓಡಾಡಬಹುದು ಅಂತ ಅಪ್ಪನಿಗೆ ಅದೇ ಇಷ್ಟ.

ಐಐಎಸ್ಸಿಯ ಎರಡನೇ ಕ್ಯಾಂಪಸ್ ಇರುವುದು ನಮ್ಮ ಜಿಲ್ಲೆಯಲ್ಲೇ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ, 1,500 ಎಕರೆ. ಆದರೆ ಅಲ್ಲಿಂದ ಇಲ್ಲಿಗೆ ಬಸ್ ಇದ್ದಷ್ಟು ಸುಲಭವಾಗಿ ಸೀಟು ಇಲ್ಲ.

ಬೇಸಿಗೆಯಲ್ಲಿ ಎರಡು ತಿಂಗಳು ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ವಿಜ್ಞಾನ ಅಕಾಡೆಮಿಗಳು ಫೆಲೋಶಿಪ್ ಕೊಡುತ್ತವೆ. ಅದಕ್ಕೆ ಮೇಷ್ಟ್ರ ಶಿಫಾರಸು ಪತ್ರ ಬೇಕು. ಸರ್ ಹತ್ತಿರ ಈಗಲೇ ಕೇಳಿಟ್ಟೆ.

"ಏನಂತ ಬರೀಲಪ್ಪಾ? ಹಾಜರಿ ಚೆನ್ನಾಗಿದೆ, ರೆಕಾರ್ಡ್ ನೀಟಾಗಿದೆ ಅಂತಾನಾ?" ಅಂದರು.

ಬೈದಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಜುಲೈ, ಮೂರನೇ ವಾರ

ಮೊದಲ ಮಾಕ್ ಟೆಸ್ಟ್ ಬರೆದೆ. ಜ್ಯಾಮ್‌ನಲ್ಲಿ 3 ಗಂಟೆ, 60 ಪ್ರಶ್ನೆ, 100 ಅಂಕ. ಎ ಭಾಗದಲ್ಲಿ 30 ಪ್ರಶ್ನೆ, ನಾಲ್ಕರಲ್ಲಿ ಒಂದು ಸರಿ. ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಟ್. ಬಿ ಭಾಗದ 10 ಪ್ರಶ್ನೆಗೆ ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಇರಬಹುದು, ಎಲ್ಲವನ್ನೂ ಗುರುತಿಸಿದರಷ್ಟೇ ಅಂಕ. ಸಿ ಭಾಗದ 20 ಪ್ರಶ್ನೆಗೆ ಆಯ್ಕೆಯೇ ಇಲ್ಲ, ಬಂದ ಸಂಖ್ಯೆಯನ್ನು ಟೈಪ್ ಮಾಡಬೇಕು. ಬಿ, ಸಿ ಎರಡರಲ್ಲೂ ನೆಗೆಟಿವ್ ಇಲ್ಲ.

ನನಗೆ ಬಂದಿದ್ದು 20.67. ನೆಗೆಟಿವ್‌ನಲ್ಲಿ ಹೋಗಿದ್ದೇ 10.33.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಎ ಭಾಗದ ಎರಡು ಅಂಕದ 20 ಪ್ರಶ್ನೆಗಳಲ್ಲಿ ಸರಿಯಾಗಿದ್ದು 7. ಚೀಟಿ ಎತ್ತಿ ಬರೆದಿದ್ದರೂ 5 ಬರುತ್ತಿತ್ತು! ಸಿ ಭಾಗದಲ್ಲಿ 8 ಪ್ರಶ್ನೆ ಖಾಲಿ ಬಿಟ್ಟಿದ್ದೆ. ಕಟ್ ಆಗುವ ಕಡೆ ಧೈರ್ಯ, ಆಗದ ಕಡೆ ಭಯ.

ಕೂತು ನೋಡಿದೆ. ನಾನು ಲೆಕ್ಕವನ್ನು ಮುಂದಕ್ಕೆ ಮಾಡುತ್ತಲೇ ಇರಲಿಲ್ಲ. ಆಯ್ಕೆಗಳನ್ನು ನೋಡುವುದು, ಯಾವುದೋ ಒಂದು ಚೆನ್ನಾಗಿ ಕಾಣುವುದು, ಅಲ್ಲಿಂದ ಹಿಂದಕ್ಕೆ ಬಂದು ಅದೇ ಸರಿ ಅಂತ ಸಾಬೀತು ಮಾಡುವುದು. ಸಿ ಭಾಗದಲ್ಲಿ ಹಿಂದಕ್ಕೆ ಬರಲು ಏನೂ ಇರಲಿಲ್ಲ, ಅದಕ್ಕೇ ಖಾಲಿ.

ಈ ಚಾಳಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಲ್ಯಾಬ್‌ನಿಂದ. ಮೊದಲ ವರ್ಷ ಲೋಲಕದ ಪ್ರಯೋಗ ಮಾಡಿದಾಗ ನನ್ನ ರೆಕಾರ್ಡಿನಲ್ಲಿ ಗುರುತ್ವದ ಬೆಲೆ 979.8 ಸೆಂಟಿಮೀಟರ್/ಸೆಕೆಂಡ್². ಎಷ್ಟು ಚಂದ ಅಲ್ವಾ? ಬರಬೇಕಾದ್ದು 980 ಅಂತ ಗೊತ್ತಿತ್ತು, ಅಲ್ಲಿಂದ ಹಿಂದಕ್ಕೆ ಹೋಗಿ ರೀಡಿಂಗ್ ಬರೆದಿದ್ದೆ. ಹತ್ತಕ್ಕೆ ಹತ್ತು ಬಂತು.

ಆಗಸ್ಟ್

ಆ ಪ್ರಯೋಗವನ್ನು ಮತ್ತೆ ಮಾಡಬೇಕು ಅನ್ನಿಸಿತು, ಈ ಸಲ ಮನೆಯಲ್ಲಿ. ನಮ್ಮ ನಡುಮನೆಯ ತಾರಸಿಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇದೆ. ಪಕ್ಕದ ಮನೆ ಕಟ್ಟುತ್ತಿರುವ ಗಾರೆಯವರಿಂದ ಗೋಡೆ ನೆಟ್ಟಗಿದೆಯಾ ಅಂತ ನೋಡುವ ಗುಂಡನ್ನು ಕೇಳಿ ತಂದೆ. ಕೊಂಡಿಗೆ ದಾರ ಕಟ್ಟುವುದನ್ನು ಅಮ್ಮ ನೋಡಿದರು. "ಮೊದಲು ಕೆಲಸ ನೋಡ್ಕೊ, ಆ ಕೊಂಡಿ ವಿಚಾರ ಆಮೇಲೆ" ಅಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡೋದು.

ನಮ್ಮೂರಿನ ಗಾಳಿ ಗೊತ್ತಲ್ಲ, ಸುಮ್ಮನೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಹಾಕಿಲ್ಲ. ಮೊದಲ ದಿನ ಗುಂಡು ನೇರ ಆಡುವ ಬದಲು ಸುತ್ತು ಹೊಡೆಯತೊಡಗಿತು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಂಡು ಎಣಿಸಿದೆ. ಜಾಸ್ತಿ ಎಳೆದು ಬಿಡಬಾರದು. 20 ಡಿಗ್ರಿ ಎಳೆದರೆ ಆವರ್ತ ಕಾಲ, ಅಂದರೆ ಒಂದು ಆಂದೋಲನಕ್ಕೆ ಹಿಡಿಯುವ ಸಮಯ, ಮುಕ್ಕಾಲು ಪರ್ಸೆಂಟ್ ಹೆಚ್ಚುತ್ತದೆ, ಗುರುತ್ವ ಒಂದೂವರೆ ಪರ್ಸೆಂಟ್ ಕಡಿಮೆ ಬರುತ್ತದೆ. 5 ಡಿಗ್ರಿ ಒಳಗಿದ್ದರೆ ಆ ಚಿಂತೆ ಇಲ್ಲ.

ಕೊಂಡಿಯಿಂದ ಗುಂಡಿನ ಗಂಟಿನವರೆಗೆ 2 ಮೀಟರ್. 50 ಆಂದೋಲನಕ್ಕೆ 143.3 ಸೆಕೆಂಡ್. ಲೆಕ್ಕ ಹಾಕಿದರೆ ಗುರುತ್ವ 9.61 ಮೀಟರ್/ಸೆಕೆಂಡ್².

9.61! ರೆಕಾರ್ಡಿನಲ್ಲಾದರೆ ಅಲ್ಲೇ 'ತಿದ್ದುತ್ತಿದ್ದೆ'. ಮೂರು ಸಲ ಎಣಿಸಿದೆ, ಅದೇ ಬಂತು. ಎರಡು ದಿನ ತಲೆ ಕೆಡಿಸಿಕೊಂಡೆ.

ಉತ್ತರ ಗುಂಡಿನ ಆಕಾರದಲ್ಲೇ ಇತ್ತು. ಉದ್ದವನ್ನು ಅಳೆಯಬೇಕಾದ್ದು ಗಂಟಿನವರೆಗಲ್ಲ, ಗುಂಡಿನ ದ್ರವ್ಯರಾಶಿ ಕೇಂದ್ರದವರೆಗೆ. ಗೋಲಿಯಾದರೆ ನಡುಮಧ್ಯೆ ಅನ್ನಬಹುದು. ಇದು ಕೆಳಗೆ ಚೂಪು, ಮೇಲೆ ದಪ್ಪ. ಕೇಂದ್ರ ಎಲ್ಲಿ ಅಂತ ಹೇಗೆ ಹೇಳುವುದು?

ಹೇಳಬೇಕಾಗಿಯೇ ಇಲ್ಲ. ದಾರವನ್ನು 1, 1.25, 1.5, 1.75, 2 ಮೀಟರ್ ಮಾಡಿ ಐದು ಸಲ ಅಳೆದೆ. ಆವರ್ತ ಕಾಲದ ವರ್ಗವನ್ನು ಉದ್ದದ ಎದುರು ಗ್ರಾಫ್ ಹಾಕಿದೆ. ಗೊತ್ತಿಲ್ಲದ ಆ ಉದ್ದ ಐದರಲ್ಲೂ ಒಂದೇ ಆದ್ದರಿಂದ ಗೆರೆ ಅಷ್ಟೂ ಪಕ್ಕಕ್ಕೆ ಸರಿಯುತ್ತದೆ, ಓರೆ ಬದಲಾಗುವುದಿಲ್ಲ. ಗುರುತ್ವ ಇರುವುದು ಓರೆಯಲ್ಲಿ. 9.77 ಬಂತು, ಹೆಚ್ಚುಕಡಿಮೆ 0.04. ಗೆರೆ ಅಕ್ಷವನ್ನು ಮುಟ್ಟಿದ ಜಾಗದಿಂದ ಕೇಂದ್ರವೂ ಸಿಕ್ಕಿತು, ಗಂಟಿನಿಂದ ಮೂರೂವರೆ ಸೆಂಟಿಮೀಟರ್ ಕೆಳಗೆ.

ಹಳೇ ರೆಕಾರ್ಡ್ ತೆಗೆದು ನೋಡಿದೆ. ಅಲ್ಲಿ ಗೆರೆಯನ್ನು ಸೊನ್ನೆಯಿಂದಲೇ ಎಳೆದಿದ್ದೇನೆ, ಚುಕ್ಕೆಗಳು ಬೇಡ ಅಂದರೂ.

ಇನ್ನೊಂದು ವಿಷಯ. ಪಠ್ಯಪುಸ್ತಕದ 9.81 ನಮ್ಮೂರಿನದಲ್ಲ. ಭೂಮಿ ತಿರುಗುತ್ತದೆ, ನಡುವಿನಲ್ಲಿ ಉಬ್ಬಿದೆ, ಹಾಗಾಗಿ ಸಮಭಾಜಕದ ಹತ್ತಿರ ಗುರುತ್ವ ಕಡಿಮೆ. ದುರ್ಗ ಇರುವುದು 14 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಎತ್ತರದಲ್ಲಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಲ್ಲಿ ಬರಬೇಕಾದ್ದು 9.78. ಈ ಲೆಕ್ಕವನ್ನು ಬೇಕಂತಲೇ ಕೊನೆಗೆ ಮಾಡಿದೆ, ಮೊದಲೇ ಗೊತ್ತಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಸೆಪ್ಟೆಂಬರ್

ಓದಿನ ಕಡೆಯೂ ಇದನ್ನೇ ತಂದೆ. ಮಾಕ್ ಬರೆಯುವಾಗ ಆಯ್ಕೆಗಳ ಮೇಲೆ ಪೋಸ್ಟ್‌ಕಾರ್ಡ್ ಇಟ್ಟು ಮುಚ್ಚುತ್ತೇನೆ. ಉತ್ತರ ಬಂದ ಮೇಲಷ್ಟೇ ಕಾರ್ಡ್ ಸರಿಸುವುದು. ನನ್ನ ಉತ್ತರ ನಾಲ್ಕರಲ್ಲಿ ಇಲ್ಲದಿದ್ದರೆ ಹತ್ತಿರದ್ದನ್ನು ಒತ್ತುವ ಹಾಗಿಲ್ಲ. ಮೊದಲೆರಡು ವಾರ ಸಮಯ ಸಾಲದೆ 40 ಪ್ರಶ್ನೆಗೇ ನಿಲ್ಲುತ್ತಿದ್ದೆ. ನಾಲ್ಕನೇ ಮಾಕ್‌ನಲ್ಲಿ 38 ಬಂತು. ಸಿ ಭಾಗದಲ್ಲಿ ಖಾಲಿ ಬಿಟ್ಟಿದ್ದು ಎರಡೇ. ಉಷ್ಣಬಲ ವಿಜ್ಞಾನ ಪರವಾಗಿಲ್ಲ. ಎಲೆಕ್ಟ್ರಾನಿಕ್ಸ್ ಕೇಳಬೇಡಿ.

ಒಂದು ಮಾಕ್ ಅನ್ನು ದಾವಣಗೆರೆಯಲ್ಲಿ ಗೆಳೆಯನ ರೂಮಿನಲ್ಲಿ ಬರೆದೆ. ಅವನು ಕೋಚಿಂಗ್‌ಗೆ ಹೋಗುತ್ತಾನೆ, ಅವನಿಗೆ 52. ಬೆಣ್ಣೆ ದೋಸೆ ಅವನೇ ಕೊಡಿಸಿದ, ಅದೂ ನ್ಯಾಯವೇ.

ಸೆಪ್ಟೆಂಬರ್ ಕೊನೆ

ಗ್ರಾಫ್ ತೆಗೆದುಕೊಂಡು ಸರ್ ಹತ್ತಿರ ಹೋದೆ. ತುಂಬ ಹೊತ್ತು ನೋಡಿದರು. ಹೊಗಳುತ್ತಾರೆ ಅಂದುಕೊಂಡಿದ್ದೆ.

"ದಾರವನ್ನು ಗುಂಡು ನೇತುಹಾಕಿ ಅಳೆದೆಯಾ, ನೆಲದ ಮೇಲೆ ಇಟ್ಟು ಅಳೆದೆಯಾ?"

ನೆಲದ ಮೇಲೆ.

"ಜಗ್ಗುತ್ತದಲ್ಲೋ. ಉದ್ದ ಇದ್ದಷ್ಟೂ ಜಾಸ್ತಿ ಜಗ್ಗುತ್ತದೆ. ಅದೂ ಪಕ್ಕಕ್ಕೆ ಸರಿದು ಸುಮ್ಮನಾಗುತ್ತಾ?"

ಆಗುವುದಿಲ್ಲ. ಅದು ಓರೆಯನ್ನೇ ಬದಲಿಸುತ್ತದೆ. ಮನೆಗೆ ಬಂದು ಗುಂಡು ನೇತುಹಾಕಿ ಅಳೆದೆ. ಮೀಟರಿಗೆ 2 ಮಿಲಿಮೀಟರ್ ಜಗ್ಗಿದೆ. ಸರಿಪಡಿಸಿದರೆ 9.79 ಆಗುತ್ತದೆ, ಹೆಚ್ಚುಕಡಿಮೆ 0.04. ಬರಬೇಕಾದ ಬೆಲೆ ಆಗಲೂ ಒಳಗಿತ್ತು, ಈಗಲೂ ಒಳಗಿದೆ. ಎರಡನ್ನೂ ಪುಸ್ತಕದಲ್ಲಿ ಬರೆದೆ, ಮೊದಲಿನದನ್ನು ಹೊಡೆದುಹಾಕಲಿಲ್ಲ.

ಪತ್ರದ ಮಾತನ್ನು ಸರ್ ಎತ್ತಿಲ್ಲ, ನಾನೂ ಕೇಳಿಲ್ಲ. ಸೋಮವಾರ ಹೊಸ ಗ್ರಾಫ್ ತಗೊಂಡು ಬಾ, ಹಳೇದೂ ಇರಲಿ ಅಂದಿದ್ದಾರೆ. ಗಾರೆಯವರು ಗುಂಡು ಕೇಳುತ್ತಿದ್ದಾರೆ, ನಾಳೆ ಕೊಟ್ಟು ಬರಬೇಕು.