ಕಾಳಿನ ವ್ಯಾಪಾರದ ಬಗ್ಗೆ ಆಡಮ್ ಸ್ಮಿತ್

ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಅಂದರೆ ನಮಗೆಲ್ಲ ಗುಂಡುಸೂಜಿ. ಬಿ.ಕಾಂ.ನಲ್ಲಿ ಓದಿದ್ದು ಅಷ್ಟೇ. ಕೆಲಸ ಗೊತ್ತಿಲ್ಲದವನು ಒಬ್ಬನೇ ಕೂತರೆ ದಿನಕ್ಕೆ 20 ಗುಂಡುಸೂಜಿ ಮಾಡುವುದೂ ಕಷ್ಟ, 10 ಜನ ಕೆಲಸ ಹಂಚಿಕೊಂಡರೆ 48,000 ಆಗುತ್ತವೆ. ಆಮೇಲೆ ‘ಕಾಣದ ಕೈ’: ತನ್ನ ಲಾಭ ನೋಡಿಕೊಳ್ಳುವವನಿಂದ ಅವನಿಗೇ ಗೊತ್ತಿಲ್ಲದೆ ಊರಿಗೂ ಒಳ್ಳೆಯದಾಗುತ್ತದೆ ಅನ್ನುವ ಮಾತು. ಎರಡನ್ನೂ ಬರೆದರೆ ಐದು ಮಾರ್ಕು, ಮುಗೀತು. ಆ ಕಾಣದ ಕೈ ಅವನ ಅಷ್ಟು ದಪ್ಪ ಪುಸ್ತಕದಲ್ಲಿ ಒಂದೇ ಒಂದು ಸಲ, ಅದೂ ನಾಲ್ಕನೇ ಭಾಗದಲ್ಲಿ ಬಂದು ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಈ ಮಳೆಗಾಲದಲ್ಲಿ ಆ ಪುಸ್ತಕ, ‘ವೆಲ್ತ್ ಆಫ್ ನೇಷನ್ಸ್’, ಪೂರ್ತಿ ಓದೋಣ ಅಂತ ಕೂತೆ. ನಾನು ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಯಾವ ಊರು ಅಂತ ಕೇಳಬೇಡಿ, ನಾಳೆ ಬೆಳಿಗ್ಗೆ ಅದೇ ಅಂಗಡಿಗೆ ಹೋಗಬೇಕು. ಮಳೆಗಾಲದಲ್ಲಿ ಮಾಲು ಬರುವುದು ಕಮ್ಮಿ, ಕಂಪ್ಯೂಟರ್ ಮುಂದೆ ಏನಾದರೂ ಓದುತ್ತಾ ಕೂರಬಹುದು. ಪುಸ್ತಕ ಹಳೆಯದು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 1776ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಲ್ಲಿ ಬಂದಾಗ ಬೆಲೆ 1 ಪೌಂಡ್ 16 ಶಿಲಿಂಗ್. ಆಗಿನ ಕೂಲಿಯವನು ಕನಸಲ್ಲೂ ಕೊಳ್ಳುವಂಥದ್ದಲ್ಲ. ಆದರೂ ಮೊದಲ ಅಚ್ಚು ಆರೇ ತಿಂಗಳಲ್ಲಿ ಖಾಲಿಯಾಯಿತಂತೆ.

ಓದುವುದು ಸುಲಭ ಅಂತ ಸುಮ್ನೆ ಹೇಳಲಾರೆ. ವಾಕ್ಯಗಳು ಉದ್ದ, ಒಂದೇ ಮಾತು ಮೂರು ಸಲ ಬರುತ್ತದೆ. ಆದರೆ ಈ ಮನುಷ್ಯನಿಗೆ ಅಂಗಡಿ ಕಣ್ಣಿದೆ. ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಕೆಲಸಗಾರರು ದುಡ್ಡಿನ ಬದಲು ಮೊಳೆ ತಗೊಂಡು ಬ್ರೆಡ್ ಅಂಗಡಿಗೂ ಹೆಂಡದಂಗಡಿಗೂ ಹೋಗುತ್ತಾರೆ ಅನ್ನುತ್ತಾನೆ. ಆ ಚಳಿಯಲ್ಲೂ ಗಾಜಿನ ಮನೆ ಕಟ್ಟಿ, ಗೋಡೆ ಬಿಸಿ ಮಾಡಿ ಒಳ್ಳೇ ದ್ರಾಕ್ಷಿ ಬೆಳೆಯಬಹುದು, ಒಳ್ಳೇ ವೈನೂ ಮಾಡಬಹುದು. ಖರ್ಚು ಮಾತ್ರ ಹೊರಗಿನಿಂದ ತರಿಸುವುದಕ್ಕಿಂತ ಸುಮಾರು 30 ಪಟ್ಟು ಅನ್ನುತ್ತಾನೆ. ಆಮದು ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ನಮ್ಮ ಮೇಷ್ಟ್ರು ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥವನು ಪುಸ್ತಕ ಬಂದ ಎರಡು ವರ್ಷಕ್ಕೆ, 1778ರಲ್ಲಿ, ಎಡಿನ್‌ಬರೋದಲ್ಲಿ ಕಸ್ಟಮ್ಸ್ ಅಧಿಕಾರಿಯಾದ! ಅವನ ಅಪ್ಪನೂ ಕರ್ಕಾಲ್ಡಿಯಲ್ಲಿ ಅದೇ ಇಲಾಖೆಯಲ್ಲಿದ್ದವನು. ಕೆಲಸಕ್ಕೆ ಸೇರಿದ ಮೇಲೆ ನಿಷೇಧಿತ ವಸ್ತುಗಳ ಪಟ್ಟಿ ನೋಡಿದರೆ, ಅವನ ಕೊರಳವಸ್ತ್ರ, ಕರವಸ್ತ್ರ ಹೆಚ್ಚುಕಮ್ಮಿ ಎಲ್ಲವೂ ಅದರಲ್ಲಿ ಇದ್ದವು. ಎಲ್ಲವನ್ನೂ ಸುಟ್ಟುಹಾಕಿದೆ, ನೀವೂ ಹೆಂಡತಿಯ ಬಟ್ಟೆಗಳನ್ನು ನೋಡಲು ಹೋಗಬೇಡಿ ಅಂತ ಒಬ್ಬರಿಗೆ ಕಾಗದ ಬರೆದಿದ್ದಾನೆ. ಈ ಸಂಗತಿ ಓದಿದ ಮೇಲೆ ಮನುಷ್ಯ ಇನ್ನೂ ಇಷ್ಟವಾದ.

ನಾನು ನಿಂತಿದ್ದು ನಾಲ್ಕನೇ ಭಾಗದ ಐದನೇ ಅಧ್ಯಾಯದಲ್ಲಿ. ಧಾನ್ಯದ ರಫ್ತಿನ ಬಗ್ಗೆ ಮಾತಾಡುತ್ತಾ ದಾರಿ ಬಿಟ್ಟು, ಕಾಳಿನ ವ್ಯಾಪಾರದ ಬಗ್ಗೆ ಪುಟಗಟ್ಟಲೆ ಬರೆಯುತ್ತಾನೆ. ನನ್ನ ಅನ್ನದ ಸಂಗತಿ, ಬಿಡುವುದು ಹೇಗೆ?

ಇಂಗ್ಲೆಂಡಿನಲ್ಲಿ ಆರನೇ ಎಡ್ವರ್ಡ್ ಕಾಲದ ಒಂದು ಕಾನೂನು ಇತ್ತು. ಮತ್ತೆ ಮಾರುವ ಉದ್ದೇಶದಿಂದ ಯಾರಾದರೂ ಧಾನ್ಯ ಕೊಂಡರೆ ಅದು ಅಪರಾಧ. ಮೊದಲ ಸಲ ಎರಡು ತಿಂಗಳು ಜೈಲು, ಮಾಲಿನ ಬೆಲೆಯಷ್ಟು ದಂಡ. ಎರಡನೇ ಸಲ ಆರು ತಿಂಗಳು, ದಂಡ ಎರಡರಷ್ಟು. ಮೂರನೇ ಸಲ ಸಿಕ್ಕಿಬಿದ್ದರೆ ಊರ ಮಧ್ಯೆ ಕಟ್ಟೆಯ ಮೇಲೆ ಕುತ್ತಿಗೆ, ಕೈ ಸಿಗಿಸಿ ನಿಲ್ಲಿಸುವುದು, ರಾಜನ ಮನಸ್ಸು ಕರಗುವ ತನಕ ಜೈಲು, ಆಸ್ತಿಯೆಲ್ಲ ಜಪ್ತಿ. ಆ ಕಾನೂನು ನಮ್ಮಲ್ಲಿದ್ದರೆ ಇಡೀ ಯಾರ್ಡೇ ಕಟ್ಟೆ ಮೇಲೆ. ಲೆಕ್ಕ ಬರೆದ ತಪ್ಪಿಗೆ ನಾನೂ ಪಕ್ಕದಲ್ಲಿ.

ಜನರಿಗೆ ಕಾಳಿನ ವ್ಯಾಪಾರಿಗಳ ಮೇಲಿದ್ದ ಈ ಭಯವನ್ನು ಸ್ಮಿತ್ ಮಾಟಮಂತ್ರದ ಭಯದ ಜೊತೆ ಇಟ್ಟು ನೋಡುತ್ತಾನೆ. ಅವನ ವಾದ ಹೀಗೆ. ಹಡಗಿನಲ್ಲಿ ಆಹಾರ ಸಾಲದು ಅಂತ ಕಂಡರೆ ಜಾಣ ಕ್ಯಾಪ್ಟನ್ ಮೊದಲೇ ಎಲ್ಲರ ಪಾಲನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾನೆ. ಬೆಳೆ ಕೆಟ್ಟ ವರ್ಷ ವ್ಯಾಪಾರಿ ಸುಗ್ಗಿಯ ಹೊತ್ತಿಗೇ ಬೆಲೆ ಏರಿಸಿದರೆ ಜನ ಹಿಡಿದು ಖರ್ಚು ಮಾಡುತ್ತಾರೆ, ಮುಂದಿನ ಬೆಳೆ ತನಕ ದಾಸ್ತಾನು ಉಳಿಯುತ್ತದೆ. ಅವನು ಒಳ್ಳೆಯವನಾಗಬೇಕಿಲ್ಲ, ತನ್ನ ಲಾಭ ನೋಡಿಕೊಂಡರೆ ಸಾಕು. ಜಾಸ್ತಿ ಏರಿಸಿದರೆ ಮಾಲು ಉಳಿದು, ಹೊಸ ಬೆಳೆ ಬಂದಾಗ ಅವನಿಗೇ ನಷ್ಟ.

ಅರ್ಧ ಒಪ್ಪುತ್ತೇನೆ. ಮಾಲು ಹಿಡಿದಿಟ್ಟು ಕೈಸುಟ್ಟುಕೊಂಡವರ ಖಾತೆಗಳು ನನ್ನ ಕಂಪ್ಯೂಟರಿನಲ್ಲೇ ಇವೆ. ಗೋಡೌನ್ ಬಾಡಿಗೆ, ಬ್ಯಾಂಕ್ ಬಡ್ಡಿ, ಹುಳ, ತೂಕದ ಇಳಿಕೆ ಎಲ್ಲ ಕಳೆದು ನೋಡಿದರೆ ಕೆಲವು ವರ್ಷ ಸುಗ್ಗಿಯಲ್ಲೇ ಮಾರಿದವನೇ ಜಾಣ. ಆದರೆ ಕ್ಯಾಪ್ಟನ್ ಲೆಕ್ಕ ನನಗೆ ಸರಿ ಕಾಣಲಿಲ್ಲ. ಹಡಗಿನಲ್ಲಿ ಕ್ಯಾಪ್ಟನ್ ಎಲ್ಲರ ತಟ್ಟೆಯಿಂದಲೂ ಒಂದೊಂದು ತುತ್ತು ತೆಗೆಯುತ್ತಾನೆ. ಬೆಲೆ ಏರಿದಾಗ ದುಡ್ಡಿದ್ದವನ ತಟ್ಟೆ ಹಾಗೇ ಇರುತ್ತದೆ, ತುತ್ತು ಹೋಗುವುದು ಕೂಲಿಯವನ ತಟ್ಟೆಯಿಂದ ಮಾತ್ರ, ಅಲ್ವಾ?

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಕಾಳಿನ ವ್ಯಾಪಾರಿಗಳು ಒಟ್ಟಾಗಿ ಬೆಲೆ ಆಡಿಸಲು ಸಾಧ್ಯವೇ ಇಲ್ಲ ಅನ್ನುತ್ತಾನೆ ಸ್ಮಿತ್. ಯಾಕೆಂದರೆ ಅವರ ಸಂಖ್ಯೆ ಜಾಸ್ತಿ, ದೇಶದ ಮೂಲೆಮೂಲೆಯಲ್ಲಿ ಚದುರಿದ್ದಾರೆ. ಎಲ್ಲ ಒಂದು ಕಡೆ ಸೇರುವುದು ಹೇಗೆ?

ನಮ್ಮ ಯಾರ್ಡಿಗೆ ಬಂದು ನೋಡಬೇಕಿತ್ತು. ಬೆಳಿಗ್ಗೆ ಮೆಕ್ಕೆಜೋಳ ಅಂಗಡಿ ಮುಂದೆ ರಾಶಿ ಬೀಳುತ್ತದೆ. ರಾಶಿಗೊಂದು ಲಾಟ್ ನಂಬರ್. ಖರೀದಿದಾರರು ಬರುತ್ತಾರೆ, ರಾಶಿಯೊಳಗೆ ಮೊಣಕೈ ತನಕ ಕೈ ಇಳಿಸಿ ತಳದ ಕಾಳು ತೆಗೆಯುತ್ತಾರೆ, ಒಂದನ್ನು ಹಲ್ಲಿಗಿಟ್ಟು ಕಟ್ ಅನ್ನಿಸಿ ತೇವ ನೋಡುತ್ತಾರೆ. ಆಮೇಲೆ ಮೊಬೈಲಿನಲ್ಲಿ ಟೆಂಡರ್ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಕಾಣುವುದಿಲ್ಲ. ಆದರೆ ಟೆಂಡರ್ ಹಾಕುವ ಮುಂಚೆ ಎಲ್ಲರೂ ಚಹಾ ಕುಡಿಯುವುದು ಒಂದೇ ಅಂಗಡಿಯಲ್ಲಿ. ಫಲಿತಾಂಶ ಬಂದಾಗ ಒಂದು ಲಾಟಿಗೆ ನಾಲ್ಕು ಟೆಂಡರ್, ನಾಲ್ಕರ ನಡುವೆ ಕ್ವಿಂಟಾಲಿಗೆ ಎರಡು ಮೂರು ರೂಪಾಯಿ ಫರಕು. ಹಮಾಲರು ತೂಕ ಮಾಡಿ ಚೀಟಿ ತಂದು ನನ್ನ ಟೇಬಲ್ ಮೇಲೆ ಇಡುತ್ತಾರೆ. ರೈತ ಪಕ್ಕದ ಬೆಂಚಿನ ಮೇಲೆ ಕೂತು ನನ್ನ ಮುಖ ನೋಡುತ್ತಾನೆ. ನಾನು ಚೀಟಿ ನೋಡುತ್ತೇನೆ.

ತಮಾಷೆ ಅಂದರೆ, ಇದನ್ನೂ ಸ್ಮಿತ್ತೇ ಬರೆದಿದ್ದಾನೆ, ಮೊದಲ ಭಾಗದಲ್ಲಿ. ಒಂದೇ ಕಸುಬಿನವರು ಸುಮ್ನೆ ಮೋಜಿಗೆ ಸೇರಿದರೂ ಮಾತು ಕೊನೆಗೆ ಗಿರಾಕಿಗಳ ವಿರುದ್ಧದ ಸಂಚಿಗೆ, ಬೆಲೆ ಏರಿಸುವ ಉಪಾಯಕ್ಕೆ ಬಂದು ನಿಲ್ಲುತ್ತದೆ ಅಂತ. ಇದನ್ನು ನಮ್ಮ ಸಾಹುಕಾರರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು.

“ಯಾರಮ್ಮ ಅವ್ನು? ನಮ್ಮ ಯಾರ್ಡಿಗೆ ಬಂದಿದ್ನಾ?”

“ಸತ್ತು ಇನ್ನೂರು ವರ್ಷದ ಮೇಲಾಯ್ತು ಸಾಹುಕಾರ್ರೆ. 1790ರಲ್ಲೇ.”

“ಹಂಗಾರೆ ಪರವಾಗಿಲ್ಲ ಬಿಡು.”

ಅದೇ ಪುಟದಲ್ಲಿ ಮುಂದೆ ಒಂದು ಮಾತಿದೆ. ಇಂಥ ಸಭೆಗಳನ್ನು ಕಾನೂನಿನಿಂದ ತಡೆಯಲು ಆಗುವುದಿಲ್ಲ, ಆದರೆ ಅವುಗಳಿಗೆ ಕಾನೂನೇ ಅನುಕೂಲ ಮಾಡಿಕೊಡಬಾರದು. ಊರಿನ ಒಂದು ಕಸುಬಿನವರೆಲ್ಲ ಹೆಸರು ವಿಳಾಸವನ್ನು ಒಂದು ರಿಜಿಸ್ಟರಿನಲ್ಲಿ ಬರೆಸಬೇಕು ಅಂತ ನಿಯಮ ಮಾಡಿದರೂ ಸಾಕು, ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದು ಸುಲಭವಾಗುತ್ತದೆ. ನಾವು ರಿಜಿಸ್ಟರಿಗೆ ನಿಲ್ಲಲಿಲ್ಲ. ಲೈಸೆನ್ಸ್ ಕೊಟ್ಟು, ಕಾಂಪೌಂಡ್ ಕಟ್ಟಿ, ಎಲ್ಲರನ್ನೂ ಒಳಗೆ ಕೂರಿಸಿದೆವು. ರೈತನಿಗೆ ತೂಕದಲ್ಲಿ ಮೋಸ ಆಗಬಾರದು, ದುಡ್ಡು ಕೈಗೆ ಬರಬೇಕು ಅಂತಲೇ ಮಾಡಿದ ವ್ಯವಸ್ಥೆ ಇದು. ತೂಕ ಸರಿಯಾಗಿದೆ, ಅದನ್ನು ನಾನೇ ನೋಡುತ್ತೇನೆ. ಯಾರ್ಡ್ ಮುಚ್ಚಿದರೆ ರೇಟು ತಾನಾಗಿ ಸರಿಹೋಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಹಳ್ಳಿ ಕಣದ ಮುಂದೆ ಒಂದೇ ಲಾರಿ ಬಂದು ನಿಂತರೆ ಅಲ್ಲಿ ನಾಲ್ಕು ಟೆಂಡರೂ ಇರುವುದಿಲ್ಲ.

ಒಬ್ಬನೇ ಕೊಳ್ಳುವವನಾದರೆ ಏನಾಗುತ್ತದೆ ಅನ್ನುವುದಕ್ಕೆ ಪುಸ್ತಕದಲ್ಲಿ ಇರುವ ಉದಾಹರಣೆ ನಮ್ಮ ದೇಶದ್ದೇ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ ರೈತನ ಅಫೀಮಿನ ಹೊಲವನ್ನು ನೇಗಿಲು ಹೊಡೆಸಿ ಕೆಡವಿ ಅದರಲ್ಲಿ ಭತ್ತ ಹಾಕಿಸುತ್ತಿದ್ದನಂತೆ. ಹೇಳುವುದು ಆಹಾರದ ಕೊರತೆ ಆಗಬಾರದು ಅಂತ. ನಿಜ ಏನೆಂದರೆ ಅವನ ಕೈಯಲ್ಲಿ ಅಫೀಮಿನ ದಾಸ್ತಾನು ಇರುತ್ತಿತ್ತು, ಅದಕ್ಕೆ ರೇಟು ಬೇಕಿತ್ತು. ಅಫೀಮಿನಲ್ಲಿ ಲಾಭ ಕಂಡರೆ ಅದೇ ಗುಮಾಸ್ತ ಬೆಳೆದು ನಿಂತ ಭತ್ತವನ್ನು ನೇಗಿಲು ಹೊಡೆಸಿ ಕೆಡವುತ್ತಿದ್ದ. ವ್ಯಾಪಾರಿಗಳ ಏಕಸ್ವಾಮ್ಯದ ಕಂಪನಿಯೊಂದು ಸರ್ಕಾರ ನಡೆಸಿದರೆ ಅದೇ ಬಹುಶಃ ಎಲ್ಲ ಸರ್ಕಾರಗಳಲ್ಲಿ ಕೆಟ್ಟದ್ದು ಅಂತ ಸ್ಮಿತ್ ನೇರವಾಗಿ ಹೇಳುತ್ತಾನೆ. ಅಲ್ಲಿನ ಅಧಿಕಾರಿಗಳೆಲ್ಲ ದುಡ್ಡು ಕಟ್ಟಿಕೊಂಡು ಹೊರಡುವವರು, ಅವರು ಹೋದ ಮಾರನೇ ದಿನ ಇಡೀ ದೇಶವನ್ನು ಭೂಕಂಪ ನುಂಗಿದರೂ ಅವರಿಗೇನು ಅಂತ ಬರೆಯುತ್ತಾನೆ.

1770ರ ಬಂಗಾಳದ ಕ್ಷಾಮದ ಹೊತ್ತಿಗೆ ಅವನು ಈ ಪುಸ್ತಕದ ಕೆಲಸದಲ್ಲಿದ್ದ. ಬರದಿಂದ ಧಾನ್ಯ ತುಟ್ಟಿಯಾಗಿತ್ತು, ಅಕ್ಕಿ ವ್ಯಾಪಾರದ ಮೇಲೆ ಕಂಪನಿಯ ನೌಕರರು ಹೇರಿದ ನಿರ್ಬಂಧಗಳೂ ಸೇರಿ ಬಹುಶಃ ಅದು ಕ್ಷಾಮವಾಯಿತು ಅನ್ನುತ್ತಾನೆ. ಕ್ಷಾಮದಲ್ಲೂ ಕಂಪನಿ ಕಂದಾಯ ವಸೂಲಿ ನಿಲ್ಲಿಸಲಿಲ್ಲ ಅನ್ನುವ ಮಾತು ಆ ಸಾಲಿನಲ್ಲಿ ಇಲ್ಲ. ನನ್ನ ಪ್ರಕಾರ ಇರಬೇಕಿತ್ತು. ಮನೆಯಲ್ಲಿ ಕಾಸಿಲ್ಲದವನಿಗೆ ಅಕ್ಕಿ ಬಂಡಿ ಊರಿಗೆ ಬಂದರೇನು, ಬಿಟ್ಟರೇನು.

ಹಾಗಾಗಿ ಈ ಪುಸ್ತಕವನ್ನು ವ್ಯಾಪಾರಿಗಳ ಪರ ಅಂತಲೂ ವಿರುದ್ಧ ಅಂತಲೂ ನನಗೆ ಓದಲು ಆಗಲಿಲ್ಲ. ಅವನು ತಲೆ ಎಣಿಸುತ್ತಾನೆ. ಎಷ್ಟು ಜನ ಮಾರುವವರು, ಎಷ್ಟು ಜನ ಕೊಳ್ಳುವವರು, ಅವರು ಒಟ್ಟಿಗೆ ಕೂರುತ್ತಾರೋ ಇಲ್ಲವೋ. ಕೂಲಿಯ ಅಧ್ಯಾಯದಲ್ಲೂ ಇದೇ ಲೆಕ್ಕ: ಧಣಿಗಳು ಕಡಿಮೆ ಜನ, ಸುಲಭವಾಗಿ ಒಂದಾಗುತ್ತಾರೆ, ಅದು ಸುದ್ದಿಯೇ ಆಗುವುದಿಲ್ಲ; ಆಳುಗಳು ಸೇರಿದರೆ ಮಾತ್ರ ಗಲಾಟೆ ಅನ್ನುತ್ತಾರೆ. ಕಾಳಿನ ವಿಷಯದಲ್ಲಿ ಮಾತ್ರ ಆ ಎಣಿಕೆ ಯಾವಾಗಲೂ ದೊಡ್ಡದೇ ಇರುತ್ತದೆ ಅಂದುಕೊಂಡ.

ಓದುವ ಮನಸ್ಸಿದ್ದರೆ ಗುಂಡುಸೂಜಿಯಿಂದ ಶುರು ಮಾಡಬೇಡಿ. ಕೂಲಿಯ ಅಧ್ಯಾಯ, ಮೊದಲ ಭಾಗದ ಎಂಟನೆಯದು, ಮೊದಲು ಓದಿ. ಆಮೇಲೆ ಈ ಕಾಳಿನ ಪುಟಗಳು. ನಾಲ್ಕು ಶತಮಾನದ ಬೆಳ್ಳಿ ಬೆಲೆಯ ಬಗ್ಗೆ ಮೊದಲ ಭಾಗದ ಕೊನೆಯಲ್ಲಿ ಒಂದು ಉದ್ದದ ಪುರಾಣ ಇದೆ. ನಾನು ಹಾರಿಸಿದೆ. ನೀವೂ ಹಾರಿಸಿ, ಯಾರೂ ಪರೀಕ್ಷೆ ಇಡುವುದಿಲ್ಲ.